ಮೂರು ಗೆರೆಯ ಮ್ಯೂಯಾನ್

ದೇವರಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಲೋಕದಲ್ಲಿ ಎಲ್ಲೂ ಆಗದ್ದು ನನ್ನ ಮೇಜಿನ ಮೇಲೇ ಆಗ್ತಿತ್ತು, ನಾನೇನು ಮಾಡಲಿ?

೧. ನೌಕರಿ

ಎಂಬತ್ತರ ದಶಕದ ಶುರು. ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ನಾನು ಟೆಂಪರರಿ. ನನ್ನ ಕಣ್ಣು ಎಂಥದ್ದು ಅಂದರೆ, ಜಕ್ಕೂರಿನಲ್ಲಿ ಮೇಲೇರೋ ವಿಮಾನದ ಪೈಲಟ್ ಗಡ್ಡ ಹೆರೆದಿಲ್ಲ ಅಂತ ಇಲ್ಲೇ ಕೂತು ಹೇಳ್ತಿದ್ದೆ. ಪರದೇಶದಿಂದ ಡಬ್ಬಿಗಟ್ಟಲೆ ಫಿಲ್ಮು ಬರೋದು. ಕತ್ತಲೆ ಕೋಣೆಯಲ್ಲಿ ಅದನ್ನು ಪ್ರೊಜೆಕ್ಟರಿನಿಂದ ಬಿಳಿ ಮೇಜಿನ ಮೇಲೆ ಬಿಟ್ಟರೆ ಕಣಗಳು ಓಡಿದ ಗೆರೆಗಳು ಕಾಣೋವು. ಮ್ಯೂಯಾನ್ ಅನ್ನೋ ಕಣ ಸತ್ತರೆ ಅಲ್ಲಿಂದ ಒಂದೇ ಎಲೆಕ್ಟ್ರಾನ್ ಗೆರೆ ಹೊರಡಬೇಕು. ಮೂರು ಹೊರಟವೋ, ಪ್ರಕೃತಿಯ ಕಟ್ಟಳೆ ಮುರೀತು, ಹೊಸ ಭೌತಶಾಸ್ತ್ರ! ಆ ಮೂರನ್ನು ಹುಡುಕೋದೇ ನನ್ನ ಕೆಲಸ.

"ಎಷ್ಟು ಸಿಕ್ವು?" ಅಂದರು ಪಕ್ಕದ ಮನೆಯವರು.

"ಒಂದೂ ಇಲ್ಲ."

"ಮತ್ತೆ ದಿನಾ ಏನ್ರೀ ಮಾಡ್ತೀರ?"

"ಇಲ್ಲ ಅಂತ ಬರೀತೀನಿ. ನೀಟಾಗಿ."

೨. ಬೆಳಗಿನ ಶಿಫ್ಟು

ಒಂದೇ ಫಿಲ್ಮನ್ನು ಇಬ್ಬರು ನೋಡಬೇಕು, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಬಾರದು. ಆಮೇಲೆ ಪ್ರಯೋಗಾಲಯದ ಯಜಮಾನರು, ನಾವೆಲ್ಲ ಮೇಷ್ಟ್ರು ಅನ್ನೋರು, ತಾಳೆ ನೋಡೋರು. ಬೆಳಿಗ್ಗೆ ಗುಂಗುರು ಕೂದಲಿನ ಒಬ್ಬ ಹುಡುಗಿ, ಮಧ್ಯಾಹ್ನ ನಾನು. ಸಂಜೆ ಇಬ್ಬರೂ ಕೆರೆ ಏರಿ ಮೇಲೆ ಸುಮ್ಮನೆ ಕೂರ್ತಿದ್ವಿ. ಬಾತುಕೋಳಿ ನೀರಿನ ಮೇಲೆ ಗೆರೆ ಎಳೀತಾ ಹೋಗೋದು. ಅದು ಅಳಿಸಿಹೋಗೋವರೆಗೂ ಇಬ್ಬರೂ ನೋಡ್ತಿದ್ವಿ.

ಒಂದು ದಿನ ಮದುವೆ ವಿಷಯ ಎತ್ತಿದೆ.

"ನೌಕರಿ ಪರ್ಮನೆಂಟ್ ಆದ ಮೇಲೆ ಬರಲಿ ಅಂತಾರೆ ನಮ್ಮಪ್ಪ," ಅಂದಳು.

"ಒಂದೇ ಒಂದು ಸಲ ಮೂರು ಗೆರೆ ಸಿಕ್ಕರೂ ಪರ್ಮನೆಂಟ್ ಮಾಡಿಸ್ತಾರಂತೆ ಮೇಷ್ಟ್ರು."

"ಹಾಗಾದ್ರೆ ನನ್ನ ಮುಖ ಏನ್ ನೋಡ್ತೀರ? ಫಿಲ್ಮ್ ನೋಡಿ."

೩. ಸಿಕ್ಕೇಬಿಟ್ಟಿತು

ಒಂದು ಮಧ್ಯಾಹ್ನ ಕಂಡಿತು! ಮ್ಯೂಯಾನ್ ನಿಂತ ಜಾಗದಿಂದ ಮೂರು ಗೆರೆ, ಎಲೆಕ್ಟ್ರಾನುಗಳು ಸುತ್ತೋ ಹಾಗೇ ಸುರುಳಿ ಸುರುಳಿ. ನನ್ನ ಕೂಗು ಯಶವಂತಪುರ ಸ್ಟೇಷನ್ನಿಗೂ ಕೇಳಿಸಿ ರೈಲು ಹೊರಟಿತಂತೆ. ಮೇಷ್ಟ್ರು ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಓಡಿಬಂದರು. ಹಿಂದೆಯೇ ಆಕೆಯೂ ಬಂದು ಬಾಗಿಲ ಹತ್ತಿರ ನಿಂತಳು.

"ಗೆದ್ದೆ ಕಣಯ್ಯಾ! ಈಗಲೇ ಟೆಲಿಗ್ರಾಂ ಕೊಡೋಣ!"

ಅಷ್ಟರಲ್ಲಿ ಕರೆಂಟ್ ಹೋಯ್ತು. ಮೇಷ್ಟ್ರು ಕಿಟಕಿ ಪರದೆ ಸರಿಸಿದರು. ಫಿಲ್ಮಿನ ಗೆರೆಗಳೆಲ್ಲ ಮಾಯ. ನನ್ನ ಮೂರು ಮಾತ್ರ ಮೇಜಿನ ಮೇಲೆ ಹಾಗೇ ಮಲಗಿದ್ದವು. ಮೇಷ್ಟ್ರು ಒಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಇದು ಹೊಸ ಭೌತಶಾಸ್ತ್ರ ಅಲ್ಲ ಕಣಯ್ಯಾ, ಬೆಳಗಿನ ಶಿಫ್ಟು."

೪. ತೀರ್ಪು

ತಲೆ ತಗ್ಗಿಸಿಕೊಂಡು ಆರ್.ಟಿ. ನಗರದ ಅವಳ ಮನೆಗೆ ಹೋದೆ. ಅವಳಪ್ಪ ಧಾರವಾಡದ ಕಡೆಯವರು, ಕಾರ್ಖಾನೆಯಲ್ಲಿ ಫೋರ್‌ಮನ್. ನಡೆದದ್ದೆಲ್ಲ ಹೇಳಿದೆ.

"ಅದು ಸಿಗೂತನಕಾ ಹುಡುಕ್ತಾರೇನು?"

"ಹೌದು. ಫಿಲ್ಮು ಇನ್ನೂ ಬರ್ತಾನೇ ಇದೆ."

"ಸಿಗೂ ಲಕ್ಷಣ ಐತೇನು?"

"ಒಂಚೂರೂ ಇಲ್ಲ."

"ಹಂಗಾದ್ರ ಇದಕಿಂತ ಪರ್ಮನೆಂಟ್ ನೌಕರಿ ಯಾವದೈತೋ ತಮ್ಮಾ! ಏ, ಚಾ ತರ್ರಿ, ಅಳಿಯಗ ಸಕ್ಕರಿ ಜಾಸ್ತಿ ಹಾಕ್ರಿ!"

ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಹೊಸೆದದ್ದು. ಅವತ್ತು ಕರೆಂಟ್ ಹೋಗಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದವಳು ತನ್ನ ಕೂದಲನ್ನು ತಾನೇ ಗುರುತಿಸಿ, ಟೆಲಿಗ್ರಾಂ ಹೋಗೋ ಮೊದಲೇ ಮೆಲ್ಲಗೆ ಕೋಣೆಯ ಮೇನ್ ಸ್ವಿಚ್ ಆರಿಸಿದ್ದಳು.