ಗುಂಜಿಯ ವಿಮಾನದ ತೂಕ

ಖಾನಾಪುರ ತಾಲೂಕಿನಿಂದ ಸಮುದ್ರವು ಭೂಪಟದ ಮೇಲೆ ನಾಲ್ಕೇ ಬೆರಳಿನಷ್ಟು ದೂರದಲ್ಲಿದೆ. ಈ ಸಂಗತಿಯನ್ನು ಗಮನಿಸಿದ ದಿಲ್ಲಿಯ ಒಂದು ಇಲಾಖೆಯು, ಯುದ್ಧವಿಮಾನಗಳು ಹಡಗಿನ ಮೇಲಿನಿಂದ ಹಾರುವುದನ್ನು ಪರೀಕ್ಷಿಸುವ ಸಲುವಾಗಿ, ೧೯೮೩ರಲ್ಲಿ ಗುಂಜಿಯ ಹತ್ತಿರ ಹಡಗೂ ನೀರೂ ಇಲ್ಲದ ಜಾಗದಲ್ಲಿ ಒಂದು ಕಚೇರಿಯನ್ನು ತೆರೆಯಿತು. ಅದರ ಪೂರ್ಣ ಹೆಸರು ‘ನೌಕಾ ಜಿಗಿದಿಬ್ಬ ಪ್ರಯೋಗ ಉಪಕಚೇರಿ (ತಾತ್ಕಾಲಿಕ)’. ‘ತಾತ್ಕಾಲಿಕ’ ಎಂಬ ಶಬ್ದವನ್ನು ಕಲ್ಲಿನಲ್ಲಿ ಕೆತ್ತಿಸಲಾಗಿತ್ತು.

ಕಚೇರಿಗೆ ಸಿಕ್ಕಿದ್ದು ಹಳೆಯ ಕಟ್ಟಿಗೆ ಡಿಪೋದ ಜಾಗ. ಅಲ್ಲಿ ಲಾರಿಗಳನ್ನು ತೂಗುವ ದೊಡ್ಡ ಕಾಟಾ ಇತ್ತು. ಹಸ್ತಾಂತರದ ಕಾಗದದಲ್ಲಿ ‘ಕಾಟಾ ಒಂದು, ಬಿಡಿಭಾಗಗಳೊಂದಿಗೆ’ ಎಂದು ಬರೆದು, ಬಿಡಿಭಾಗಗಳ ಪಟ್ಟಿಯಲ್ಲಿ ಮೂರನೆಯದಾಗಿ ಮೌಲಾಸಾಬ ನದಾಫ ಎಂದು ನಮೂದಿಸಿದ್ದರು. ಇಪ್ಪತ್ತೆರಡು ವರ್ಷ ಅದೇ ಕಾಟಾದ ಬಾಜೂಕ ಕೂತು ಸಾಗವಾನಿ ತೂಗಿದ ಮನುಷ್ಯ ಆತ. ಒಂದು ದಿನವೂ ಅರ್ಧ ಕಿಲೋ ಹೆಚ್ಚು ಕಡಿಮೆ ಬರೆದವನಲ್ಲ. ಇದರಿಂದ ಡಿಪೋದಲ್ಲಿ ಅವನಿಗೆ ಗೆಳೆಯರು ಕಡಿಮೆ ಇದ್ದರು. ಈಗ ಕಟ್ಟಿಗೆಯ ಬದಲು ವಿಮಾನ ತೂಗಬೇಕು ಎಂದಾಗ ಅವನು ಕೇಳಿದ್ದು ಒಂದೇ ಮಾತು: “ಗಾಲಿ ಅದಾವೇನ್ರಿ ಅದಕ್ಕ?” ಅದಾವ ಎಂದರು. ಹಾಗಿದ್ದರೆ ತೂಗಬಹುದು ಎಂದ.

ಜಿಗಿದಿಬ್ಬ ಎಂದರೆ ಕಾಂಕ್ರೀಟಿನ ಒಂದು ಗಿಡ್ಡ ರಸ್ತೆ. ಹಡಗಿನ ಮೂತಿ ಇರುವಂತೆ ಅದರ ತುದಿ ಹನ್ನೆರಡು ಡಿಗ್ರಿ ಮೇಲಕ್ಕೆ ಬಾಗಿ, ನೆಲದಿಂದ ಹದಿನೈದು ಅಡಿ ಎತ್ತರಕ್ಕೆ ಹೋಗಿ ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆ ಒಂದು ಹಳ್ಳ. ಹಳೆಯದೊಂದು ಯುದ್ಧವಿಮಾನವನ್ನು ಬಿಚ್ಚಿ, ಗೂಡ್ಸ್ ಗಾಡಿಯಲ್ಲಿ ತಂದು, ಗುಂಜಿ ಸ್ಟೇಶನ್ನಿನಲ್ಲಿ ಇಳಿಸಿ ಜೋಡಿಸಿದರು. ಅದರಲ್ಲಿ ಕೂರುವುದು ಒಬ್ಬನೇ. ಅದನ್ನು ಹಾರಿಸಲು ಬಂದವನು ಲೆಫ್ಟಿನಂಟ್ ನಾಗಲಿಂಗ, ಬೆಳಗಾವಿಯ ಸದಾಶಿವನಗರದ ಹುಡುಗ. ವಯಸ್ಸು ಇಪ್ಪತ್ತೇಳು. ಬಂದ ದಿನವೇ ದಿಬ್ಬದ ಮೇಲೆ ಹೆಜ್ಜೆ ಹಾಕಿ ಅಳೆದು, ಕಾಗದದಲ್ಲಿ ಲೆಕ್ಕ ಮಾಡಿ, ಕಾಟಾದ ಹತ್ತಿರ ಬಂದು ಕೂತ.

“ಹಡಗಿನ ಮ್ಯಾಲ ಓಡಾಕ ಜಾಗಾ ಕಮ್ಮಿ, ಕಾಕಾ. ತುದೀಗೆ ಬರೂದ್ರಾಗ ವಿಮಾನಕ್ಕ ಹಾರೂವಷ್ಟು ಜೋರ ಬಂದಿರಾಂಗಿಲ್ಲ. ಈ ದಿಬ್ಬ ಅದನ್ನ ಮ್ಯಾಲಕ್ಕ ಒಗೀತೈತಿ. ಅದು ತಿರಗಿ ಕೆಳಗ ಬರೂದ್ರಾಗ ನಾಕೈದು ಸೆಕೆಂಡ್ ಸಿಗತಾವು. ಅಷ್ಟರಾಗ ಜೋರ ಹಿಡದ್ರ ಹಾರಿದಂಗ.”

“ಹಿಡೀಲಿಲ್ಲಂದ್ರ?”

“ಬಿದ್ದಂಗ.”

“ತಲಿಮ್ಯಾಗ ಭತ್ತದ ಚೀಲಾ ಹೊತಗೊಂಡು ಹಳ್ಳಾ ಜಿಗದಂಗ ಅಂತೀರಿ.”

“ಖರೇ ಅದ. ಹಡಗಾದ್ರ ಗಾಳೀಗೆ ಎದುರಾಗಿ ಓಡತೈತಿ, ಅರ್ಧಾ ಕೆಲಸಾ ಅದ ಮಾಡತೈತಿ. ನಮ್ಮ ದಿಬ್ಬ ಎಲ್ಲೂ ಹೋಗಾಂಗಿಲ್ಲ. ಅದಕ್ಕ ಇಲ್ಲಿ ಒಟ್ಟ ತೂಕ ಆರು ಸಾವಿರದ ಎಂಟುನೂರು ಕಿಲೋ. ಅದಕ್ಕಿಂತ ಒಂದ ಕಿಲೋ ಜಾಸ್ತಿ ಆದ್ರೂ ಆ ಹಳ್ಳದಾಗ ನನ್ನ ಹುಡಕಬೇಕು.”

ಮೌಲಾಸಾಬ ಹಳ್ಳದ ಕಡೆ ನೋಡಿದ. ನೀರಿರಲಿಲ್ಲ, ಬರೇ ಬಂಡೆ. ನಂತರ ಎಲ್ಲವನ್ನೂ ತೂಗಿ ಬರೆದುಕೊಂಡ. ಬರೀ ವಿಮಾನ ಐದು ಸಾವಿರದ ಆರುನೂರು. ಎಣ್ಣೆ ಸಾವಿರದ ನೂರು. ಬೂಟು, ಟೊಪ್ಪಿಗೆ, ಪ್ಯಾರಾಚೂಟ್ ಸಮೇತ ನಾಗಲಿಂಗ ಎಂಬತ್ತಾರು. ಮಿತಿಗಿಂತ ಹದಿನಾಲ್ಕು ಕಿಲೋ ಕಡಿಮೆಯೇ ಆಯಿತು. ಇಬ್ಬರೂ ಚಹಾ ಕುಡಿದರು.

ಮರುದಿನ ಉಪನಿರ್ದೇಶಕರಾದ ಬಸಲಿಂಗಪ್ಪನವರು ಶಾಖೆಗಳ ಸಭೆ ಕರೆದರು. ಇವರು ಈ ಹಿಂದೆ ಕೋಳಿ ಸಾಕಣೆಯಲ್ಲಿದ್ದವರು. ರೆಕ್ಕೆ ಇರುವ ವಿಷಯದಲ್ಲಿ ಅನುಭವವಿದೆ ಎಂದು ಇಲ್ಲಿಗೆ ಹಾಕಿದ್ದರು. ಸಭೆಯಲ್ಲಿ ಬೆಂಕಿ ಶಾಖೆಯವರು ನಿಯಮ ಹದಿನೇಳನ್ನು ಓದಿದರು: ‘ಕಚೇರಿಯ ಪ್ರತಿಯೊಂದು ವಾಹನದಲ್ಲಿ ಮರಳು ತುಂಬಿದ ಮೂರು ಕೆಂಪು ಬಕೆಟ್ಟುಗಳು ಸ್ಟ್ಯಾಂಡಿನೊಂದಿಗೆ ಇರತಕ್ಕದ್ದು.’ ಅವು ನಲವತ್ತಾರು ಕಿಲೋ. ನೋಂದಣಿ ಶಾಖೆಯವರು, ಹಾರಾಟದ ವಿವರಗಳನ್ನು ಹಾರುತ್ತಿರುವಾಗಲೇ ಮೂರು ಪ್ರತಿಗಳಲ್ಲಿ ಬರೆಯತಕ್ಕದ್ದು ಎಂದು ಟ್ರಂಕು ತುಂಬ ದಫ್ತರ ಕಳಿಸಿದರು, ಐವತ್ತೆಂಟು. ಭಾಷಾ ಶಾಖೆಯವರ ಮೂರು ಭಾಷೆಯ ಫಲಕ ಗಟ್ಟಿ ಸಾಗವಾನಿಯದು, ಹತ್ತೊಂಬತ್ತು. ಕೊನೆಗೆ ಅರಣ್ಯ ಸಂಪರ್ಕ ಶಾಖೆಯವರು ಎದ್ದು ನಿಂತು, ಕಾಡಿನ ಗಡಿ ದಾಟುವ ಯಾವುದೇ ಗಾಡಿಯಲ್ಲಿ ಕಟ್ಟಿಗೆ ಕಳ್ಳಸಾಗಣೆ ತಡೆಯಲು ಒಬ್ಬ ಗಾರ್ಡ್ ಇರತಕ್ಕದ್ದು ಎಂದು ತಿಳಿಸಿ, ಭರಮಪ್ಪ ಎಂಬ ಗಾರ್ಡನನ್ನು ಮುಂದೆ ಮಾಡಿದರು. ಲಾಠಿ, ಬುತ್ತಿ ಸಮೇತ ಭರಮಪ್ಪ ಎಂಬತ್ತೆರಡು ಕಿಲೋ.

“ಸೀಟ್ ಒಂದ ಐತಿ ಸರ್,” ಎಂದ ನಾಗಲಿಂಗ.

“ಸರಕೊಂಡು ಕುಂದರ್ರಿ,” ಎಂದರು ಬಸಲಿಂಗಪ್ಪ. “ಖಾನಾಪುರ ಬಸ್ಸಿನಾಗ ನಾವೆಲ್ಲಾ ಹಂಗ ಬರ್ತೀವಿ.”

ಒಟ್ಟು ಆರು ಸಾವಿರದ ಒಂಬೈನೂರಾ ತೊಂಬತ್ತೊಂದು. ಮೌಲಾಸಾಬ ಎದ್ದು ಹೇಳಿದ: ನೂರಾ ತೊಂಬತ್ತೊಂದು ಕಿಲೋ ಜಾಸ್ತಿ ಆಗೇತಿ. ಆಗ ಎಣ್ಣೆ ಕಡಿಮೆ ಮಾಡುವ ಪ್ರಸ್ತಾವ ಬಂತು, ಮತ್ತು ಆ ಕಚೇರಿಯ ಇತಿಹಾಸದಲ್ಲಿ ಮೊದಲ ಸಲ ಒಂದು ಪ್ರಸ್ತಾವಕ್ಕೆ ಎಲ್ಲ ಶಾಖೆಗಳೂ ಒಮ್ಮತದಿಂದ ಕೈ ಎತ್ತಿದವು. ಇದಕ್ಕೆ ಕಾರಣ ಹೇಳುವುದು ಒಳ್ಳೆಯದು. ವಿಮಾನದ ಎಣ್ಣೆ ನೋಡಲು ಚಿಮಣಿಗೆ ಹಾಕುವ ಸೀಮೆಎಣ್ಣೆಯ ಹಾಗೆಯೇ ಇರುತ್ತದೆ, ವಾಸನೆಯೂ ಅದೇ. ಮನೆಯ ಸ್ಟೋವ್ ಕೂಡ ಅದನ್ನು ಚಿಮಣಿ ಎಣ್ಣೆ ಎಂದೇ ತಿಳಿದು ಉರಿಯುತ್ತದೆ. ಆ ವರ್ಷ ರೇಶನ್ ಅಂಗಡಿಯಲ್ಲಿ ತಿಂಗಳಿಗೆ ಎರಡೇ ಲೀಟರ್ ಕೊಡುತ್ತಿದ್ದರು. ಅಂದು ಸಂಜೆ ಸಿಬ್ಬಂದಿಯ ಡಬ್ಬಿಗಳಲ್ಲಿ ಹಿಡಿದಷ್ಟು ಎಣ್ಣೆಯನ್ನು ತೆಗೆಯಲಾಯಿತು. ನೂರಾ ಐದು ಕಿಲೋ ಹಿಡಿಯಿತು.

“ಇಷ್ಟ ಎಣ್ಣ್ಯಾಗ ಹೋಗಬೌದು ಸರ್, ಗುರಿ ಮುಟ್ಟಿ ತಿರಗಿ ಬರಾಕ ಆಗಾಂಗಿಲ್ಲ,” ಎಂದ ನಾಗಲಿಂಗ.

“ಈಗಿನ ಮಂಜೂರಾತಿ ಹೋಗೂದಕ್ಕಷ್ಟ ಐತಿ. ಬರೂದು ಬ್ಯಾರೆ ಫೈಲು.”

ಇನ್ನೂ ಎಂಬತ್ತಾರು ಕಿಲೋ ಹೆಚ್ಚಿತ್ತು. ಬರುವ ಮಂಗಳವಾರ ದಿಲ್ಲಿಯ ತಪಾಸಣಾ ಸಮಿತಿ ಬರುವುದಿತ್ತು. ಬಸಲಿಂಗಪ್ಪನವರು ಮೌಲಾಸಾಬನನ್ನು ಒಳಗೆ ಕರೆಸಿದರು.

“ಬರ್ರಿ ಮೌಲಾಸಾಬ, ಕುಂದರ್ರಿ. ಆರು ಸಾವಿರದ ಎಂಟುನೂರು ಅಂತ ಒಂದು ಸರ್ಟಿಫಿಕೇಟ್ ಬರದ ಕೊಡ್ರಿ.”

“ಕಾಟಾ ಹಂಗ ಹೇಳವಲ್ದು ಸಾಹೇಬ್ರ.”

“ಕಾಟಾ ನಮ್ಮ ಕಚೇರಿದ ಐತೋ ಇಲ್ಲೋ?”

“ಐತಿರಿ.”

“ಹಂಗಾದ್ರ ಅದಕ್ಕ ಸುತ್ತೋಲಿ ಅನ್ವಯ ಆಗತೈತಿ.”

ಆ ಮಧ್ಯಾಹ್ನವೇ ಸುತ್ತೋಲೆ ಹೊರಟಿತು: ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಚೇರಿಯ ಕಾಟಾವು ಇನ್ನು ಮುಂದೆ ಮೇಲಧಿಕಾರಿಗಳ ನಿರ್ದೇಶನದಂತೆ ತೂಕವನ್ನು ತೋರಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು.’ ಮೌಲಾಸಾಬ ಅದನ್ನು ಕಾಟಾದ ಮುಂದೆ ನಿಂತು, ಇಬ್ಬರು ಸಾಕ್ಷಿದಾರರ ಸಮಕ್ಷಮ, ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ. ಮುಳ್ಳು ಆರು ಸಾವಿರದ ಎಂಟುನೂರಾ ಎಂಬತ್ತಾರರಿಂದ ಅಲುಗಲಿಲ್ಲ. ಕಾಟಾಕ್ಕೆ ಕಾರಣ ಕೇಳಿ ನೋಟಿಸು ಅಂಟಿಸಲಾಯಿತು.

ನಾಗಲಿಂಗ ಕಾಟಾದ ಕಟ್ಟೆಯ ಮೇಲೆ ಬಂದು ಕೂತ. ಮೌಲಾಸಾಬ ಕೇಳಿದ.

“ಹೋಗ್ತೀರೇನ್ರಿ ಮಂಗಳವಾರ?”

“ಹುಕುಂ ಬಂದ್ರ ಹೋಗಬೇಕಾಗತದ, ಕಾಕಾ.”

“ನಿಮ್ಮ ಅವ್ವಾರಿಗೆ ಗೊತ್ತೈತೇನು?”

“ಅವ್ವಗ ಇದು ಕಾರಕೂನ ಕೆಲಸ ಅಂತ ಹೇಳೀನಿ.”

ಮೌಲಾಸಾಬನಿಗೆ ಅಂದು ಮನೆಯಲ್ಲಿ ಊಟ ಸೇರಲಿಲ್ಲ. ಎದುರಿಗೆ ತಾಟು ಇಟ್ಟುಕೊಂಡು ವಿಮಾನಕ್ಕೆ ಹೇರಿದ ಸಾಮಾನುಗಳ ಪಟ್ಟಿಯನ್ನೇ ನೋಡುತ್ತ ಕೂತ. ಹೆಂಡತಿ ದಿಲಶಾದ ಏನಾಗೇತಿ ಎಂದು ಕೇಳಿದಳು. ಹೇಳಿದ.

“ಟೆಂಪೋ ಘಟ್ಟಾ ಏರಲಿಲ್ಲಂದ್ರ ಮಂದಿನ್ನ ಇಳಸ್ತಾರ್ರಿ,” ಎಂದಳು ದಿಲಶಾದ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ಸಾಮಾನ ಯಾರ ಇಳಸ್ತಾರ? ಇಳಸಿದ್ರ ಕಳೀತಾವು.”

ಮೌಲಾಸಾಬ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದಿದ. ಬಕೆಟ್ಟುಗಳ ಮುಂದೆ ನಿಯಮ ಹದಿನೇಳು. ಟ್ರಂಕಿನ ಮುಂದೆ ನಿಯಮ ನಲವತ್ತು. ಫಲಕಕ್ಕೂ ಭರಮಪ್ಪನಿಗೂ ಒಂದೊಂದು ನಿಯಮ. ಎರಡೇ ಸಾಮಾನುಗಳ ಮುಂದೆ ನಿಯಮದ ನಂಬರು ಇರಲಿಲ್ಲ, ‘ರೂಢಿಯಂತೆ’ ಎಂದು ಬರೆದಿತ್ತು. ಒಂದು ಎಣ್ಣೆ, ಇನ್ನೊಂದು ಪೈಲಟ್.

ಅವನು ತಾಟು ಖಾಲಿ ಮಾಡಿ, ಕೈ ತೊಳೆದು, ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಿ ಟಿಪ್ಪಣಿ ಬರೆದಿಟ್ಟ: ‘ಮಾನ್ಯರೇ, ಹೆಚ್ಚುವರಿ ತೂಕ ಎಂಬತ್ತಾರು ಕಿಲೋ. ಪೈಲಟ್ ತೂಕವೂ ಎಂಬತ್ತಾರು ಕಿಲೋ. ಪೈಲಟ್ ಎಂಬುದು ಕಡ್ಡಾಯ ಸಾಮಾನುಗಳಲ್ಲಿ ಬಾರದ ಕಾರಣ ಇಳಿಸಬಹುದಾಗಿದೆ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.’

ಬಸಲಿಂಗಪ್ಪನವರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟ ದಿನಾ ಇದು ಯಾರಿಗೂ ಹೊಳೀಲಿಲ್ಲ ನೋಡ್ರಿ,” ಎಂದು ಸಹಿ ಹಾಕಿದರು. ನಾಗಲಿಂಗನನ್ನು ವಿಮಾನದಿಂದ ಇಳಿಸಲಾಯಿತು. ಅವನ ಸೀಟಿನಲ್ಲಿ ಭರಮಪ್ಪ ಆರಾಮಾಗಿ ಕೂತ. ಕಾಟಾದ ಮುಳ್ಳು ಸರಿಯಾಗಿ ಆರು ಸಾವಿರದ ಎಂಟುನೂರಕ್ಕೆ ಬಂದು ನಿಂತಿತು. ಅದಕ್ಕೆ ಕೊಟ್ಟಿದ್ದ ನೋಟಿಸನ್ನು ಹಿಂದಕ್ಕೆ ಪಡೆದರು.

ಪೈಲಟ್ ಇಲ್ಲದ ಮೇಲೆ ಎಣ್ಣೆಯನ್ನು ಯಾರೂ ಸುಡುವವರಿಲ್ಲ, ಬಿಸಿಲಿಗೆ ವ್ಯರ್ಥ ಆರಿ ಹೋಗುತ್ತದೆ ಎಂಬ ಕಳಕಳಿಯಿಂದ ಅದೇ ಸಂಜೆ ಉಳಿದದ್ದನ್ನೂ ಸಿಬ್ಬಂದಿಗೆ ಹಂಚಲಾಯಿತು. ಹಂಚಿಕೆಯನ್ನು ಮೌಲಾಸಾಬನೇ ತೂಗಿದ. ಒಬ್ಬರಿಗೂ ಒಂದು ತೊಲೆ ಹೆಚ್ಚು ಕಡಿಮೆ ಆಗಲಿಲ್ಲ. ದಿಲಶಾದಳಿಗೂ ಎರಡು ಡಬ್ಬಿ ಬಂತು.

ಮಂಗಳವಾರ ಸಮಿತಿಯ ಮೂವರು ಬಂದು ಶಾಮಿಯಾನದಲ್ಲಿ ಕೂತರು. ಡಿಪೋದ ಇಪ್ಪತ್ನಾಲ್ಕು ಹಮಾಲರು ಹಗ್ಗ ಹಿಡಿದು, ಹಿಂದಿನಿಂದ ಭುಜ ಕೊಟ್ಟು, ವಿಮಾನವನ್ನು ದಿಬ್ಬಕ್ಕೆ ಏರಿಸಿದರು.

“ಎಂಜಿನ್ ಸಪ್ಪಳ ಕೇಳಿಸುತ್ತಿಲ್ಲವಲ್ಲ,” ಎಂದರು ಅಧ್ಯಕ್ಷರು. ಅವರು ದಿಲ್ಲಿಯಲ್ಲಿದ್ದರೂ ಮೂಲತಃ ಮೈಸೂರಿನವರು.

“ಶತ್ರುವಿಗೂ ಕೇಳ್ಸೂದಿಲ್ರಿ,” ಎಂದರು ಬಸಲಿಂಗಪ್ಪ. ಅಧ್ಯಕ್ಷರು ಬರೆದುಕೊಂಡರು.

ವಿಮಾನದ ಮೂತಿ ತುದಿಗೆ ಬಂತು. ಹಮಾಲರು ಗಾಲಿಗಳ ಹಿಂದೆ ಕಲ್ಲು ಕೊಟ್ಟರು. ಹನ್ನೊಂದು ಸೆಕೆಂಡ್ ಅದು ಆಕಾಶದ ಕಡೆ ಮುಖ ಮಾಡಿ ನಿಂತಿತು. ಆಮೇಲೆ ಕಲ್ಲು ಜಾರಿ, ಸಾವಕಾಶವಾಗಿ ಹಿಂದಕ್ಕೆ ಉರುಳಿ, ಹೊರಟಲ್ಲಿಗೇ ಬಂದು ನಿಂತಿತು. ಸಮಿತಿಯವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ನಿಯಮಾವಳಿಯಲ್ಲಿ ಹಾರಾಟ ಎಂದರೆ ‘ವಿಮಾನದ ಗಾಲಿಗಳು ನೆಲಮಟ್ಟಕ್ಕಿಂತ ಮೇಲಿರುವ ಅವಧಿ’ ಎಂದಿತ್ತು. ವರದಿ ಅಲ್ಲಿಯೇ ತಯಾರಾಯಿತು: ಗರಿಷ್ಠ ಎತ್ತರ ಹದಿನೈದು ಅಡಿ, ಅವಧಿ ಹನ್ನೊಂದು ಸೆಕೆಂಡ್, ಎಣ್ಣೆಯ ಖರ್ಚು ಸೊನ್ನೆ. ಏರಿದ ಜಾಗದಲ್ಲೇ ಇಳಿದ ಕಾರಣ ನಿಖರತೆ ನೂರಕ್ಕೆ ನೂರು.

ಭರಮಪ್ಪನನ್ನು ಕೆಳಗಿಳಿಸಿ ಮೇಲಿನಿಂದ ಏನು ಕಂಡಿತು ಎಂದು ಕೇಳಿದರು.

“ಗುಂಜಿ ಸ್ಟೇಶನ್ ಕಂಡ್ತರಿ. ಪ್ಯಾಸೆಂಜರ್ ಗಾಡಿ ಇನ್ನೂ ಬಂದಿಲ್ಲ. ಕಳ್ಳಕಟ್ಟಿಗಿ ಏನ ಕಾಣ್ಲಿಲ್ಲ.”

ಅದನ್ನೂ ಮೂರು ಪ್ರತಿಗಳಲ್ಲಿ ಬರೆದುಕೊಂಡರು.

ವಾರದೊಳಗೆ ನಾಗಲಿಂಗನಿಗೆ ವರ್ಗದ ಆದೇಶ ಬಂತು. ಕಡ್ಡಾಯವಲ್ಲದ ಸಾಮಾನುಗಳನ್ನು ಬೇರೆಡೆಗೆ ಸಾಗಿಸಬೇಕು ಎಂಬ ನಿಯಮದ ಕೆಳಗೆ ಅವನನ್ನು ನೀರಿನ ಮೇಲಿರುವ ಒಂದು ಹಡಗಿಗೆ ಕಳಿಸಿದರು. ಹೊರಡುವ ದಿನ ಅವನು ಕಾಟಾದ ಕಟ್ಟೆಗೆ ಬಂದು ಮೌಲಾಸಾಬನ ಎರಡೂ ಕೈ ಹಿಡಿದುಕೊಂಡ.

“ನಾ ಏನ ಮಾಡೀನ್ರಿ,” ಎಂದ ಮೌಲಾಸಾಬ. “ತೂಕ ಇದ್ದದ್ದ ಬರದೀನಿ.” ನಾಗಲಿಂಗ ಸ್ಟೇಶನ್ನಿನ ದಾರಿ ಹಿಡಿದ ಮೇಲೆ ಅವನು ಎಷ್ಟೋ ಹೊತ್ತು ಆ ಹಳ್ಳದ ಬಂಡೆಗಳನ್ನು ನೋಡುತ್ತ ನಿಂತಿದ್ದ. ಆಮೇಲೆ ಅವನಿಗೆ ಭಾಳ ಹಸಿವಾಯಿತು.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ವಿಮಾನ ಹಾರಿತು. ಎಣ್ಣೆ ಇಳಿದದ್ದರಿಂದ ಒಂಬೈನೂರಾ ತೊಂಬತ್ತೈದು ಕಿಲೋ ಜಾಗ ಖಾಲಿ ಇದೆ ಎಂದು ಮೌಲಾಸಾಬ ಪ್ರಾಮಾಣಿಕವಾಗಿ ವರದಿ ಮಾಡಿದ್ದ. ಶಾಖೆಗಳು ತಡ ಮಾಡಲಿಲ್ಲ. ಮೊದಲು ಒಂದು ಕಬ್ಬಿಣದ ಕಪಾಟು ಬಂತು, ಅದರ ಹಿಂದೆ ಟೈಪರೈಟರ್, ನೀರಿನ ಹರವಿ, ಹಳೆಯ ಫೈಲುಗಳ ಹದಿನಾಲ್ಕು ಗಂಟು. ರೆಕ್ಕೆಯ ಮೇಲೆ ಬಂದವರಿಗೆ ಕೂರಲು ಬಾಕು ಹಾಕಿದರು. ಮೂರನೆಯ ತಿಂಗಳಿಗೆ ಬಸಲಿಂಗಪ್ಪನವರ ಟೇಬಲ್ಲೂ ಏರಿತು, ಏಕೆಂದರೆ ಅಲ್ಲಿ ಗಾಳಿ ಚೆನ್ನಾಗಿತ್ತು. ಹಮಾಲರ ಸಂಖ್ಯೆಯನ್ನು ನಲವತ್ತಕ್ಕೆ ಏರಿಸಿದರು. ಭರಮಪ್ಪನಿಗೆ ಖಾನಾಪುರದ ಸಂತೆಯಲ್ಲಿ ಜನ ದಾರಿ ಬಿಡುತ್ತಿದ್ದರು.

ವರ್ಷದ ಕೊನೆಗೆ ದಿಲ್ಲಿಯಿಂದ ಒಂದು ಪತ್ರ ಬಂತು. ಪ್ರಯೋಗದ ಯಶಸ್ಸನ್ನು ಮೆಚ್ಚಿಕೊಂಡ ಮೇಲಧಿಕಾರಿಗಳು, ಮುಂದಿನ ಹಂತವಾಗಿ ವಿಮಾನದಲ್ಲಿ ಒಬ್ಬ ಪೈಲಟ್ ಮತ್ತು ಸ್ವಲ್ಪ ಎಣ್ಣೆಯನ್ನು ಇಡಲು ಸಾಧ್ಯವೇ ಎಂದು ವಿಚಾರಿಸಿದ್ದರು. ಮೌಲಾಸಾಬ ವಿಮಾನವನ್ನು ಕಾಟಾದ ಮೇಲೆ ತರಿಸಿ, ಎರಡು ಸಲ ತೂಗಿ, ಮುಳ್ಳು ತೋರಿಸಿದ್ದನ್ನು ಕಂಡ ಹಾಗೆ ಬರೆದ: ‘ಪರಿಶೀಲಿಸಲಾಗಿದೆ. ಒಟ್ಟು ತೂಕ ಈಗಾಗಲೇ ಆರು ಸಾವಿರದ ಎಂಟುನೂರು ಕಿಲೋ ಇದ್ದು, ಎಲ್ಲವೂ ಕಡ್ಡಾಯ ಸಾಮಾನುಗಳಾಗಿವೆ. ಪೈಲಟ್ ಮತ್ತು ಎಣ್ಣೆಗೆ ಅವಕಾಶವಿಲ್ಲ.’

ಬಸಲಿಂಗಪ್ಪನವರು ವಿಮಾನದ ಮೇಲಿನ ತಮ್ಮ ಟೇಬಲ್ಲಿನಲ್ಲಿ ಕೂತು ಸಹಿ ಹಾಕಿದರು. ಹದಿನೈದು ದಿನಕ್ಕೆ ದಿಲ್ಲಿಯ ಉತ್ತರ ಬಂತು. ಅವಕಾಶವಿಲ್ಲದಿರುವುದನ್ನು ಮಾನ್ಯ ಮಾಡಲಾಗಿದೆ ಮತ್ತು ಹಾರಾಟವನ್ನು ಈಗಿರುವಂತೆಯೇ ಮುಂದುವರಿಸತಕ್ಕದ್ದು ಎಂದು ಅದರಲ್ಲಿತ್ತು. ಅಂದು ಮಂಗಳವಾರವೇ ಆದ್ದರಿಂದ ಹಮಾಲರು ಹಗ್ಗ ಬಿಗಿದುಕೊಂಡು ತಯಾರಾಗಿದ್ದರು. ಬಸಲಿಂಗಪ್ಪನವರು ಟೇಬಲ್ ಬಿಟ್ಟು ಏಳಲಿಲ್ಲ. ಹೋಗುತ್ತ ಹೋಗುತ್ತ ಟಪಾಲು ನೋಡಿದರಾಯಿತು ಎಂದರು.