ಇಲಿಗೆ ಕೊಟ್ಟ ಹಲ್ಲು

ನಂದಿತಾಳ ಮುಂದಿನ ಹಲ್ಲು ದೋಸೆ ತಿನ್ನುವಾಗ ಬಿತ್ತು. ಅಪ್ಪ ರಘೋತ್ತಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಗೋದೂಬಾಯಿ ಅದನ್ನು ಮಾಳಿಗೆಯ ಮೇಲೆ ಎಸೆದು, ಹೊಸ ಹಲ್ಲು ಕೊಡೆಂದು ಇಲಿಯನ್ನು ಬೇಡಿಕೊಂಡೂ ಆಗಿತ್ತು.

"ಅವ್ವಾ, ಎಂಥಾ ಕೆಲಸ ಮಾಡಿದಿ! ಹಾಲುಹಲ್ಲಿನ್ಯಾಗ ಕಾಂಡಕೋಶ ಇರತಾವ. ಕಾದಿಟ್ಟರ ಮುಂದ ಎಲುಬು, ನರ ಕೆಟ್ಟಾಗ ಔಷಧಕ್ಕ ಬರಬಹುದಂತ. ಬಿದ್ದ ಕೂಡಲೇ ಹಾಲಿನ್ಯಾಗ ಹಾಕ್ಕೊಂಡು ಬರ್ರಿ ಅಂದಿದ್ರು ಹಾವೇರಿ ಡಾಕ್ಟರು!"

"ನಿನ್ನ ಹಲ್ಲೂ ನಾನs ಒಗದೀನಿ. ನಿನಗೇನು ಕಡಿಮಿ ಆಗ್ಯದ?"

ಹಲ್ಲು ಹೋಗಿ ಬಿದ್ದದ್ದು ಪಕ್ಕದ ಪ್ರಭುಲಿಂಗಪ್ಪನ ಮಾಳಿಗೆಗೆ. ಸುಗ್ಗಿಯಲ್ಲಿ ಬ್ಯಾಡಗಿಯ ಯಾವ ಮಾಳಿಗೆ ಖಾಲಿ ಇದ್ದೀತು? ಅಲ್ಲಿ ಮೆಣಸಿನಕಾಯಿ ಹರವಿತ್ತು. ರಘೋತ್ತಮ ಹತ್ತಿಹೋಗಿ ಎರಡೂ ಕೈಯಿಂದ ಕೆದರಿದ. ಮೊದಲ ಸೀನಿಗೆ ಕನ್ನಡಕ ಹಾರಿತು. ಮುಂದಿನದಕ್ಕೆ ಕಾಲು ಜಾರಿ, ಮೋರೆ ಅಂಚಿನ ಕಟ್ಟೆಗೆ ಬಡಿದು, ರಾಶಿಯೊಳಗೆ ಬೋರಲು ಬಿದ್ದ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವವರು ಅದರಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುವುದಿಲ್ಲ. ಎದ್ದಾಗ ಮೋರೆ, ಅಂಗಿ ಎಲ್ಲ ಕೆಂಪು; ತುಟಿ ಇದೆಯೋ ಇಲ್ಲವೋ ತಿಳಿಯದಷ್ಟು ಉರಿ.

"ನೀವು ಸುಮ್ಮನ ಕುಂದ್ರಿ ರಾಯರ, ನಾವು ಹುಡುಕ್ತೇವಿ" ಎಂದ ಪ್ರಭುಲಿಂಗಪ್ಪ. ಎದುರುಮನೆಯ ಕುಲ್ಸುಮಬಿ ಮೊರ ತಂದು ಕೇರತೊಡಗಿದಳು.

"ಸಿಕ್ತ್ರಿ!" ಎಂದು ಕೂಗಿದಳು. "ಯವ್ವಾ, ಇಷ್ಟ ಸಣ್ಣ ಕೂಸಿಗೆ ಎಷ್ಟ ದೊಡ್ಡ ಹಲ್ಲು!"

"ಅಪ್ಪನ್ನ ಹೋಲೈತಿ ಬಿಡು," ಎಂದ ಪ್ರಭುಲಿಂಗಪ್ಪ.

ಕುಲ್ಸುಮಬಿಯೇ ಮನೆಯಿಂದ ಹಾಲು ತಂದು ಡಬ್ಬಿಗೆ ಹಾಕಿಕೊಟ್ಟಳು. ರಘೋತ್ತಮನ ಕಣ್ಣಲ್ಲಿ ನೀರು. ಅದು ಖಾರಕ್ಕೋ ಉಪಕಾರಕ್ಕೋ ಅವನಿಗೇ ತಿಳಿಯಲಿಲ್ಲ. ಇಂಥ ನೆರೆಯವರಿಗೆ ತಾನು ಒಂದು ದಿನವೂ ಸರಿಯಾಗಿ ನಮಸ್ಕಾರ ಹೇಳಿದ್ದುಂಟೇ ಎಂದು ಹಾವೇರಿ ಬಸ್ಸಿನುದ್ದಕ್ಕೂ ಕರವಸ್ತ್ರ ಬಾಯಿಗೊತ್ತಿ ಕೊರಗಿದ.

ಡಾಕ್ಟರ್ ಮೃಣಾಲಿನಿ ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಕೂಸಿಂದಲ್ರಿ. ಇಷ್ಟುದ್ದ ಬೇರು ಅದ, ದೊಡ್ಡವರದು." ಆಮೇಲೆ ಅವನ ಕಡೆ ನೋಡಿದರು. "ಆ ಕರವಸ್ತ್ರ ಒಂಚೂರು ತಗೀರಿ. ಹಾಂ, ಬಾಯಿ ತಗೀರಿ."

ರಘೋತ್ತಮ ತೆಗೆದ. ಮುಂದಿನ ಸಾಲಿನಲ್ಲಿ ಒಂದು ಕಿಟಕಿ ತೆರೆದಿತ್ತು.

"ಹಾಲಿನ್ಯಾಗ ಹಾಕಿ ಲಗೂ ತಂದದ್ದು ಛಲೋ ಆತು," ಎಂದು ನಕ್ಕರು ಡಾಕ್ಟರು. "ಕೂಡಿಸಿ ನೋಡೋಣು."

ಸಂಜೆ ತಂತಿ ಬಿಗಿದ ಬಾಯಲ್ಲಿ ಮನೆಗೆ ಬಂದವನು ನಡೆದದ್ದನ್ನು ಹೇಳಿದ. ಗೋದೂಬಾಯಿ ಮುಂದಿನ ಹಲ್ಲಿಲ್ಲದ ಮೊಮ್ಮಗಳನ್ನೂ ಹಲ್ಲು ಕೂಡಿಸಿಕೊಂಡ ಮಗನನ್ನೂ ನೋಡಿ ಮಾಳಿಗೆಯ ಕಡೆ ಕೈಮುಗಿದಳು.

"ಇಲಿಗೂ ವಯಸ್ಸಾತು ನೋಡು. ಮೊಮ್ಮಗಳಿಗೆ ಕೇಳಿದ್ರ ಮಗಗ ಕೊಟ್ಟದ."