ಕರುಳಿನ ತಂತಿಯ ಜಗಳ

ಗಂಡಸರು ಜಗಳ ಆಡುವುದಕ್ಕೆ ಒಂದು ಹೊಲದ ಬದು ಬೇಕು, ಇಲ್ಲವೇ ಕಾಲುವೆ ನೀರಿನ ಪಾಳಿ ಬೇಕು, ಅದೂ ಇಲ್ಲದಿದ್ದರೆ ಒಂದು ಸೊಸೈಟಿ ಚುನಾವಣೆಯಾದರೂ ಬೇಕು ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಅದು ತಪ್ಪು. ಸಮುದ್ರದ ಆಚೆ, ಎಷ್ಟೋ ತಲೆಮಾರಿನ ಹಿಂದೆ ತೀರಿಹೋದ ಒಬ್ಬ ಪಾದ್ರಿ ಕಟ್ಟಿಟ್ಟ ವಯಲಿನ್ ಹಾಡಿಗಾಗಿಯೂ ನಮ್ಮ ಕಡೆಯ ಇಬ್ಬರು ಮುದುಕರು ಮಾತು ಬಿಡಬಹುದು. ಒಬ್ಬ ನನ್ನ ಗಂಡ. ಇನ್ನೊಬ್ಬ ಕಟಕೋಳದ ಶಿವಲಿಂಗಪ್ಪ. ನಡುವೆ ಸಿಕ್ಕಿಕೊಂಡವಳು ನಾನು, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ನನಗೆ ಸಂಗೀತ ತಿಳಿಯುವುದಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ತಿಳಿದುಕೊಳ್ಳಬೇಕು ಎಂದು ಯಾವತ್ತೂ ಅನ್ನಿಸಿರಲಿಲ್ಲ, ಅಷ್ಟೇ.

ಬೈಲಹೊಂಗಲದ ಬಜಾರದಲ್ಲಿ ನಮ್ಮವರದು ರೇಡಿಯೋ ರಿಪೇರಿ ಅಂಗಡಿ ಇತ್ತು. ರಿಪೇರಿ ಮಾಡಿದ ರೇಡಿಯೋ ಊರ ಹತ್ತಿರದ ಕೇಂದ್ರ ಹಿಡಿದರೆ ಸಾಲದು. ಮುಳ್ಳನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದಾಗ ದೂರ ದೇಶದ್ದೂ ಬರಬೇಕು. ಆಗ ಗಿರಾಕಿಗೆ ಹೇಳಿ ಕಳಿಸುವುದು. ಹಾಗೆ ತಿರುಗಿಸುವಾಗ ಒಂದು ದಿನ ಕರಕರದ ನಡುವೆ ಈ ವಯಲಿನ್ ಬಂತು. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ತೂಗಿಸುವ ಕೆಲಸದಲ್ಲಿದ್ದ ಶಿವಲಿಂಗಪ್ಪ ಬ್ಯಾಟರಿ ಕೇಳಲು ಬಂದಿದ್ದ. ಬ್ಯಾಟರಿ ಮರೆತು ಸ್ಟೂಲಿನ ಮೇಲೆ ಕುಳಿತ. ಆ ರೇಡಿಯೋ ಸವದತ್ತಿಯ ಒಬ್ಬ ಕಿರಾಣಿ ವ್ಯಾಪಾರಿಯದು. ಅದರಷ್ಟು ಚಲೋ ಹಿಡಿಯುವ ರೇಡಿಯೋ ಬೇರೆ ಇರಲಿಲ್ಲ. ಆ ಮನುಷ್ಯ ಬಂದು ಕೇಳಿದಾಗಲೆಲ್ಲ ಇಬ್ಬರೂ ಮುಖ ಗಂಭೀರ ಮಾಡಿಕೊಂಡು “ಇನ್ನಾ ಒಂದು ಪಾರ್ಟ್ ಬರಬೇಕ್ರಿ, ಬೆಳಗಾವಿಗೆ ಹೇಳೇವಿ” ಎಂದು ವಾಪಸು ಕಳಿಸುತ್ತಿದ್ದರು. ಪಾಪ, ಅವನು ಆ ಮಳೆಗಾಲ ಪೂರಾ ಹಾಡಿಲ್ಲದೆ ಸಕ್ಕರೆ ತೂಗಿದ. ಅವರಿಬ್ಬರ ಸ್ನೇಹ ಹುಟ್ಟಿದ್ದು ಹೀಗೆ.

ಈಗ ಅಂಗಡಿ ಮೊಬೈಲಿನವನಿಗೆ ಹೋಗಿದೆ. ಶಿವಲಿಂಗಪ್ಪ ರಿಟೈರಾಗಿ ಕಟಕೋಳಕ್ಕೆ ಹೋದರೂ ವಾರಕ್ಕೊಮ್ಮೆ ಸವದತ್ತಿಯಲ್ಲಿ ಬಸ್ಸು ಬದಲಿಸಿ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಧಾರವಾಡದಲ್ಲಿ ಕಾಲೇಜು ಓದುವ ನನ್ನ ಮೊಮ್ಮಗಳು ವಿದ್ಯಾ ಒಂದು ರಜೆಯಲ್ಲಿ ಅಜ್ಜನ ಫೋನಿಗೆ ಆ ಪಾದ್ರಿಯ ಹಾಡನ್ನು ತುಂಬಿಕೊಟ್ಟು, ತಂತಿ ಇಲ್ಲದೆ ಹಾಡುವ ಒಂದು ಡಬ್ಬಿಯನ್ನೂ ತಂದಿಟ್ಟಳು. ಅವಳು ಒಂದನ್ನೇ ತುಂಬಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಬಾರಿಸಿದ್ದನ್ನು ತುಂಬಿದಳು. ಒಬ್ಬಳು ಕೂದಲು ಕತ್ತರಿಸಿಕೊಂಡ ಹೆಂಗಸು, ಒಬ್ಬ ಬೋಳು ತಲೆಯವನು. ಹೆಸರು ಇಂಗ್ಲಿಷಿನಲ್ಲಿ ಇರುವುದರಿಂದ ನಾನು ಅವರನ್ನು ಚಿತ್ರ ನೋಡಿ ಗುರುತಿಸಿ, ಅವಳನ್ನು ಬಾಯಿ, ಅವನನ್ನು ಬೋಳ ಎನ್ನುತ್ತಿದ್ದೆ. ಇಬ್ಬರದೂ ಮೊದಲು ಓಟ, ನಡುವೆ ನಿಧಾನ, ಆಮೇಲೆ ಮತ್ತೆ ಓಟ. ಹಿಂದೆ ಗಾಜಿನ ಬಳೆ ಅಲುಗಿದ ಹಾಗೆ ಟಿಣಿಟಿಣಿ ಅನ್ನುವ ಒಂದು ಪೆಟ್ಟಿಗೆ. ಬಾಯಿಯದು ಕಟಕ ರೊಟ್ಟಿ: ತೆಳ್ಳಗೆ, ಗರಿಗರಿ, ಹಲ್ಲಿಗೆ ಸ್ವಲ್ಪ ಜಾಸ್ತಿಯೇ ಕೆಲಸ. ಬೋಳನದು ತುಪ್ಪ ಸುರಿದ ಹೋಳಿಗೆ. ನಾನು ಕೇಳಿದೆ, “ಇಬ್ಬರೂ ಆ ಪಾದ್ರಿ ಬರದದ್ದನ್ನ ಬಾರಸ್ತಾರ ಅಂದ ಮ್ಯಾಲೆ ಅದರಾಗ ತೂಗಿ ನೋಡೂದೇನೈತಿ?” ನಮ್ಮವರು ಹೇಳಿದರು, “ಎಲ್ಲಾರೂ ಉದ್ದಿನ ಹಿಟ್ಟಿಲೆ ಹಪ್ಪಳ ಮಾಡತಾರ. ನಿನ್ನ ಹಪ್ಪಳ, ನಿನ್ನ ತಂಗಿ ಹಪ್ಪಳ ಒಂದ ಏನು?” ನನ್ನ ತಂಗಿಯ ಹಪ್ಪಳವನ್ನು ಎಮ್ಮೆಯೂ ಮುಟ್ಟುವುದಿಲ್ಲ.

ನಮ್ಮವರು ಬಾಯಿಯ ಪಕ್ಷ. ಶಿವಲಿಂಗಪ್ಪ ಬೋಳನ ಪಕ್ಷ. ಅಲ್ಲಿಯವರೆಗೆ ಅದು ಮಾತಿನ ಜಗಳ, ಚಹಾದ ಜೊತೆ ನಡೆಯುವಂಥದ್ದು. ಕೆಟ್ಟದ್ದು ಯಾವಾಗ ಎಂದರೆ, ಬಾಯಿಯ ವಯಲಿನ್ನಿನ ತಂತಿ ಬೋಳನದರಂತೆ ಉಕ್ಕಿನದಲ್ಲ, ಹಳೆಯ ಕಾಲದ ಪದ್ಧತಿಯಂತೆ ಕುರಿಯ ಕರುಳಿನದು ಎಂದು ವಿದ್ಯಾ ಫೋನಿನಲ್ಲಿ ಹೇಳಿದ ದಿನ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಮರುವಾರ ನನ್ನ ತವರಿನವರು ಲಗ್ನಪತ್ರಿಕೆ ಕೊಡಲು ಬಂದು ಕುಳಿತಿದ್ದಾಗ, ಅವರ ಎದುರೇ ಶಿವಲಿಂಗಪ್ಪ ಶುರು ಮಾಡಿದ. “ಲೇ ಈರಪ್ಪಾ, ಕೊರಳಾಗ ಲಿಂಗ ಕಟಗೊಂಡು ಕುರಿ ಕರುಳಿಗೆ ತಲಿ ತೂಗತೀಯಲ್ಲೋ, ನಾಚಿಕಿ ಬರೂದಿಲ್ಲೇನು?” ತವರಿನವರು ನಕ್ಕರು. ನಗಬಾರದಿತ್ತು. ನಮ್ಮವರ ಕಿವಿ ಕೆಂಪಾಯಿತು. “ಕರುಳು ಕುರೀದು, ಸುರ ದೇವರದು. ಕೇಳಾಕ ಕಿವಿ ಬೇಕು. ನಿನ್ನ ಕಿವ್ಯಾಗ ಮಾರ್ಕೆಟ್ ಯಾರ್ಡಿನ ಹತ್ತಿ ಇನ್ನಾ ಹಂಗ ಕುಂತೈತಿ, ಮೊದಲ ಅದನ್ನ ತಗಿಸು!” ತವರಿನವರು ಇನ್ನೂ ಜೋರಾಗಿ ನಕ್ಕರು. ಶಿವಲಿಂಗಪ್ಪ ಬಸಿಯಲ್ಲಿ ಸುರಿದುಕೊಂಡಿದ್ದ ಚಹಾವನ್ನು ಹಾಗೇ ಕೆಳಗಿಟ್ಟು ಎದ್ದುಹೋದ. ಹೋದವನು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನಾನು ಮೊದಲು ಖುಷಿಪಟ್ಟೆ. ಒಂದು ಚಹಾ ಕಡಿಮೆ, ಒಂದು ಗದ್ದಲ ಕಡಿಮೆ. ಆದರೆ ಆ ಖಾಲಿ ಖುರ್ಚಿಗೆ ನನ್ನನ್ನೇ ತಂದು ಕೂರಿಸಿದರು. ಮಧ್ಯಾಹ್ನ ಸ್ವಲ್ಪ ಅಡ್ಡಾಗುವ ಹೊತ್ತಿಗೆ “ಬಾ, ಇದನ್ನ ಕೇಳು, ಯಾವದು ಚಲೋ ಹೇಳು” ಎಂದು ಕರೆಯುವುದು. ಬಾಯಿಯದು ಚಲೋ ಎಂದರೆ “ಯಾಕ?” ಬೋಳನದು ಚಲೋ ಎಂದರೆ ಅರ್ಧ ತಾಸು ಉಪದೇಶ. ಎರಡೂ ಚಲೋ ಎಂದರೆ “ನಿನಗ ಹೇಳೂದು, ಗ್ವಾಡಿಗೆ ಹೇಳೂದು ಒಂದ.” ಹೀಗೆ ಗೋಡೆಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವರು ಹಾಡು ಹಾಕುವುದನ್ನೇ ಬಿಟ್ಟರು. ಊಟಕ್ಕೆ ಕುಳಿತರೆ ಎರಡನೆಯ ರೊಟ್ಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬಸ್ಸು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ ಕುಳಿತು, ಯಾರನ್ನೂ ಕಾಯುತ್ತಿಲ್ಲ ಎನ್ನುವಂತೆ ಆಕಾಶ ನೋಡುತ್ತಿದ್ದರು. ನನಗೆ ಮರುಕ ಬೇಗ ಬರುವುದಿಲ್ಲ. ಸಿಟ್ಟು ಬೇಗ ಬರುತ್ತದೆ. ಆದರೆ ಮಾಡಿದ ರೊಟ್ಟಿ ಬುಟ್ಟಿಯಲ್ಲಿ ಉಳಿಯತೊಡಗಿದರೆ ಹೆಂಗಸಿಗೆ ಅಂಜಿಕೆಯೂ ಬರುತ್ತದೆ.

ನಾನು ಕಟಕೋಳಕ್ಕೆ ಫೋನು ಹಚ್ಚಿದೆ. ಎತ್ತಿದವಳು ಶಿವಲಿಂಗಪ್ಪನ ಹೆಂಡತಿ ನೀಲವ್ವ. “ಏನ ಹೇಳ್ಲೆವಾ ಗೌರಕ್ಕಾ,” ಎಂದಳು, “ಬಸ್ಸಿನ ಟೈಮಿಗೆ ಇಸ್ತ್ರಿ ಧೋತರ ಉಟಗೊಂಡು ತಯಾರಾಗತಾರ. ಬಾಗಲತನಕ ಹೋಗತಾರ. ಹೊಳ್ಳಿ ಬಂದು ನನ್ನ ಮ್ಯಾಲೆ ಒದರತಾರ, ಧೋತರ ಯಾಕ ಇಸ್ತ್ರಿ ಮಾಡಿದಿ ಅಂತ.” ಉಪಾಯ ಅವಳದೇ. “ಹೆಸರ ಹೇಳದಂಗ ಎರಡೂ ಹಾಕ್ರಿ. ಯಾವದು ಕರುಳು, ಯಾವದು ಉಕ್ಕು, ಯಾವದು ಚಲೋ, ಕಿವಿ ಇದ್ದಾವ ಹೇಳ್ಲಿ. ಸೋತಾವ ಬಾಯಿ ಮುಚ್ಚಲಿ.” ಅವಳು ತನ್ನವನನ್ನು ಒಪ್ಪಿಸಿದಳು, ನಾನು ನಮ್ಮವರನ್ನು. ಆದರೆ ಶಿವಲಿಂಗಪ್ಪ ಒಂದು ಮಾತು ಸೇರಿಸಿ ಕಳಿಸಿದ್ದ: “ಇದರಾಗ ಏನರ ಆಟ ನಡೀತು ಅಂದ್ರ ಆ ಹೊಸ್ತಲಾ ಇನ್ನ ಜಲ್ಮದಾಗ ತುಳಿಯೂದಿಲ್ಲ.” ಅವನು ಆಡಿದ ಮಾತಿಗೆ ನಿಲ್ಲುವವನು. ಅಣ್ಣನ ಜೊತೆ ಮಾತು ಬಿಟ್ಟವನು ಅಣ್ಣ ಸಾಯುವವರೆಗೆ ಆಡಿರಲಿಲ್ಲ.

ಬಂದ. ನಮಸ್ಕಾರ ನನಗೊಬ್ಬಳಿಗೇ ಮಾಡಿದ. ಪಡಸಾಲೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಖುರ್ಚಿ ತಿರುಗಿಸಿಕೊಂಡು ಕುಳಿತರು. ನಡುವೆ ಟೀಪಾಯಿಯ ಮೇಲೆ ಆ ಡಬ್ಬಿ. ಫೋನು ನನ್ನ ಕೈಗೆ ಬಂತು. ನಾನು ಅಡಿಗೆಮನೆಯಲ್ಲಿ ನಿಂತು ನಡುವಿನ ನಿಧಾನದ್ದನ್ನು ಒಬ್ಬರಾದ ಮೇಲೆ ಒಬ್ಬರದು ಹಾಕಬೇಕು, ಎರಡೂ ಮುಗಿಯುವವರೆಗೆ ಹೊರಗೆ ಬರಬಾರದು, ಬಾಯಿ ಬಿಡಬಾರದು. ಮದುವೆ ಮಾತುಕತೆಯಲ್ಲೂ ನಮ್ಮ ಮನೆ ಅಷ್ಟು ಬಿಗಿಯಾಗಿ ಕುಳಿತದ್ದನ್ನು ನಾನು ಕಂಡಿಲ್ಲ. ಬೋಳನ ಚಿತ್ರ ಒತ್ತಿದೆ. ಪಡಸಾಲೆಯಲ್ಲಿ ವಯಲಿನ್ ಎದ್ದಿತು. ಕೆಮ್ಮು ಕೂಡ ಇಲ್ಲ. ಅದು ಮುಗಿಯುತ್ತ ಬಂತು, ನಾನು ಬಾಯಿಯ ಚಿತ್ರ ಹುಡುಕಬೇಕು ಅನ್ನುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಬಂತು. ಚಹಾಕ್ಕೆಂದು ನಾನೇ ಇಟ್ಟು ಮರೆತದ್ದು. ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಓಡಿ, ಪಾತ್ರೆ ಇಳಿಸಿ, ಬೆರಳು ಸುಟ್ಟುಕೊಂಡು ತಿರುಗಿದರೆ ಪಡಸಾಲೆಯಲ್ಲಿ ಮತ್ತೆ ವಯಲಿನ್ ನಡೆದಿತ್ತು. ಫೋನಿನಲ್ಲಿ ಬೋಳು ತಲೆ ಹಾಗೇ ಹೊಳೆಯುತ್ತಿತ್ತು. ಒಂದನ್ನೇ ಮತ್ತೆ ಮತ್ತೆ ಕೇಳುವ ತಮ್ಮ ಚಟವನ್ನು ನಮ್ಮವರು ಫೋನಿಗೂ ಕಲಿಸಿಟ್ಟಿದ್ದರು. ಮುಗಿದರೆ ತಾನೇ ಮತ್ತೆ ಅದನ್ನೇ ಹಾಡುತ್ತದೆ.

ನಿಲ್ಲಿಸಲೇ ಎಂದುಕೊಂಡೆ. ನಿಲ್ಲಿಸಿದರೆ ಗಂಡನ ಪಕ್ಷ ವಹಿಸಿ ಆಟ ಹೂಡಿದಳು ಎನ್ನುತ್ತಾನೆ ಶಿವಲಿಂಗಪ್ಪ. ನಿಲ್ಲಿಸದಿದ್ದರೆ ಇಬ್ಬರೂ ಇದೇನು, ಅದನ್ನೇ ಹಾಕಿದಳಲ್ಲ ಎಂದು ಈಗಲೇ ಕೂಗುತ್ತಾರೆ. ನಾನು ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡು ಕೂಗಿಗೆ ಕಾದೆ. ಕೂಗು ಬರಲಿಲ್ಲ. ಬದಲಿಗೆ ಶಿವಲಿಂಗಪ್ಪನ ಮೂಗಿನಿಂದ ಒಂದು ಉದ್ದನೆಯ ಉಸಿರು ಬಂತು. ಆಮೇಲೆ ನಮ್ಮವರು ಮೆಲ್ಲಗೆ “ಆಹಾ” ಎಂದರು. ಈ ಸಲ ಮುಗಿದ ಕೂಡಲೇ ಒತ್ತಿ ನಿಲ್ಲಿಸಿದೆ.

“ಎರಡನೇದು,” ಎಂದರು ನಮ್ಮವರು. “ಎರಡನೇದು ಕರುಳು. ಮೊದಲನೇದು ಬರೇ ತಗಡು. ಇದರಾಗ ಜೀವ ಐತಿ.”

“ಎರಡನೇದು ಚಲೋ ಐತಿ, ಖರೆ,” ಎಂದ ಶಿವಲಿಂಗಪ್ಪ. “ಆದ್ರ ಅದು ಉಕ್ಕು. ಮೊದಲನೇದು ನಿನ್ನ ಕುರಿ, ಕರಕರ ಅಂತಿತ್ತು.”

“ಏ, ಕರುಳಲೇ ಅದು!”

“ಉಕ್ಕು! ಎದಿ ಮುಟ್ಟಿ ಹೇಳತೇನಿ. ವೈನೀ, ಬರ್ರಿ ಇಲ್ಲೆ. ನೀವು ಸುಳ್ಳ ಹೇಳಾವರಲ್ಲ. ಎರಡನೇದು ಯಾರದು?”

ಶಿವಲಿಂಗಪ್ಪ ಆಗಲೇ ಎದ್ದು ನಿಂತಿದ್ದ, ಕೈಯಲ್ಲಿ ಚೀಲ. ನಮ್ಮವರು ಖುರ್ಚಿಯ ಕೈ ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಎರಡನೆಯದು ಉಕ್ಕು ಎಂದರೆ ಸುಳ್ಳಲ್ಲ. ಆದರೆ ನಮ್ಮವರು ಇನ್ನು ಆ ಡಬ್ಬಿಯನ್ನು ಮುಟ್ಟುವುದಿಲ್ಲ. ಕರುಳು ಎಂದರೆ ಶಿವಲಿಂಗಪ್ಪ ಬಸ್ಸು ಹತ್ತುತ್ತಾನೆ, ಮತ್ತೆ ಇಳಿಯುವುದಿಲ್ಲ. ನನಗೆ ಜಾಣತನ ತಡವಾಗಿ ಬರುತ್ತದೆ, ಮಾತು ಮೊದಲು ಬರುತ್ತದೆ.

“ಎರಡೂ ಒಂದ,” ಎಂದೆ. “ಬೋಳಾನ ಎರಡ ಸಲ ಬಾರಿಸ್ಯಾನ. ನಾ ಹಾಲು ಉಕ್ಕಿತಂತ ಹೋಗಿದ್ನಿ, ಫೋನು ತಾನ ಹೊಳ್ಳಿ ಅದನ್ನ ಹಾಡೇತಿ.”

ಶಿವಲಿಂಗಪ್ಪ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ನಿಂತ. ಗೋಡೆಗೆ ಹೇಳುವವನ ಹಾಗೆ ಹೇಳಿದ, “ಅದು ಹೆಂಗ ಸಾಧ್ಯ? ಮೊದಲನೇದಕ ಜೀವಾನ ಇರಲಿಲ್ಲ.”

“ಇರಲಿಲ್ಲ,” ಎಂದರು ನಮ್ಮವರು. “ನಾನೂ ಅದನ್ನ ಹೇಳಾಕತ್ತೇನಿ.”

“ಎರಡನೇದರಾಗ, ಕಡೀಕ, ಒಂದು ಕಡೆ ಹಿಂಗ ಎಳದ ಹಿಡಿದು, ಬಿಡಲೋ ಬ್ಯಾಡೋ ಅಂತ...”

“ಹಾಂ! ಅಲ್ಲೆ! ಅಲ್ಲೆ ನನಗ ಕಣ್ಣಾಗ ನೀರ ಬಂತು.”

“ನನಗೂ ಬಂತಲೇ.” ಶಿವಲಿಂಗಪ್ಪ ಚೀಲ ಕೆಳಗಿಟ್ಟ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು, ಆ ಸವದತ್ತಿಯ ಕಿರಾಣಿಯವನ ಕಡೆ ಹೇಗೆ ತಿರುಗುತ್ತಿದ್ದರೋ ಹಾಗೆ. “ಇಕಿಗೆ ಫೋನಿಂದು ತಿಳಿಯೂದಿಲ್ಲ,” ಎಂದರು ನಮ್ಮವರು. “ಒಂದ ಒತ್ತೇನಿ ಅಂತ ಇನ್ನೊಂದ ಒತ್ತಿರತಾಳ.” ಶಿವಲಿಂಗಪ್ಪ ದೊಡ್ಡ ಮನಸ್ಸು ಮಾಡಿ, “ವೈನೀದೇನ ತಪ್ಪು? ಅವರ ಲಕ್ಷ್ಯ ಹಾಲಿನ ಮ್ಯಾಲೆ ಇತ್ತು. ಈ ಸುರದ ವಿಚಾರ ಎಲ್ಲಾರಿಗೂ ತಿಳಿಯೂದಲ್ಲ ಬಿಡು,” ಎಂದ. “ತಿಳಿಯೂದಲ್ಲ,” ಎಂದರು ನಮ್ಮವರು.

ಫೋನು ನನ್ನ ಕೈಯಲ್ಲೇ ಇತ್ತು, ಬೋಳು ತಲೆಯ ಸಮೇತ. ಮುಂದೆ ಚಾಚಿದ್ದರೆ ಮುಗಿದುಹೋಗುತ್ತಿತ್ತು. ನನ್ನನ್ನು ತಿಳಿಗೇಡಿ ಎಂದವರನ್ನು ನಾನು ಈವರೆಗೆ ಸುಮ್ಮನೆ ಬಿಟ್ಟಿಲ್ಲ, ನನ್ನ ಅತ್ತೆಯನ್ನೂ ಬಿಟ್ಟಿರಲಿಲ್ಲ. ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ನಮ್ಮವರು ತಮ್ಮ ಖುರ್ಚಿಯನ್ನು ಕರ್ ಎಂದು ಎಳೆದು ಶಿವಲಿಂಗಪ್ಪನ ಕಡೆ ತಿರುಗಿಸಿ, “ಕುಂದರೋ, ಬಸ್ಸಿಗೆ ಇನ್ನಾ ಹೊತ್ತೈತಿ” ಎಂದರು. ಅವನು ಕುಳಿತ. ನಾನು ಫೋನನ್ನು ಸೆರಗಿನೊಳಗೆ ಸೇರಿಸಿದೆ. “ಹೌದ್ರಿ, ನನಗೇನ ತಿಳೀತೈತಿ” ಎಂದೆ. ಆ ಮಾತು ಗಂಟಲು ದಾಟುವಾಗ ಸುಟ್ಟ ಬೆರಳಿಗಿಂತ ಜಾಸ್ತಿ ಉರಿಯಿತು. ಆ ಸಂಜೆ ನಮ್ಮವರು ಮೂರನೆಯ ರೊಟ್ಟಿ ಕೇಳಿದರು. ಬಡಿಸುವಾಗ ತಾಟು ಸ್ವಲ್ಪ ಸದ್ದು ಮಾಡಿತು.

ಮರುದಿನ ಅವರು ಕ್ಷೌರಕ್ಕೆ ಹೋದಾಗ ನನಗೆ ತಡೆಯಲಾಗಲಿಲ್ಲ. ಬಾಗಿಲು ಮುಂದಕ್ಕೆಳೆದು, ಚಿತ್ರ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಬೋಳನನ್ನೇ ಹಾಕಿದೆ. ಮುಗಿದ ಮೇಲೆ ಫೋನು ತಾನೇ ಮತ್ತೆ ಅವನನ್ನೇ ಹಾಡಿತು. ಕಣ್ಣು ಕೀಳದೆ ಆ ಬೋಳು ತಲೆಯನ್ನೇ ನೋಡುತ್ತ ಕುಳಿತೆ, ಎಲ್ಲಿಯೂ ಮೋಸ ಆಗಬಾರದೆಂದು. ಹೇಳಿದರೆ ನಗುತ್ತೀರಿ. ಕೊನೆಯಲ್ಲಿ ಆ ಒಂದು ಕಡೆ, ಬಿಡಲೋ ಬೇಡವೋ ಎಂದು ಎಳೆದು ಹಿಡಿಯುತ್ತಾನಲ್ಲ, ಮೊದಲನೆಯ ಸಲ ಅದು ಅಲ್ಲಿ ಇರಲೇ ಇಲ್ಲ. ಎರಡನೆಯದೇ ಚಲೋ ಇತ್ತು. ನಾನು ಗಡಬಡಿಸಿ ಒತ್ತಿ ನಿಲ್ಲಿಸಿದೆ. ಮೂರನೆಯ ಸಲ ಇನ್ನೂ ಚಲೋ ಅನ್ನಿಸಿಬಿಟ್ಟಿದ್ದರೆ ಆ ಪಡಸಾಲೆಯಲ್ಲಿ ಮೂರನೆಯ ಖುರ್ಚಿ ಹಾಕಬೇಕಾಗುತ್ತಿತ್ತು, ಆಮೇಲೆ ಚಹಾ ಮಾಡುವವರು ಯಾರು?